ಟಗರು ಕೆಂಪಾದ ಬೆಳಗು

ಯಾರಾದರೂ ‘ಬೇಡ’ ಎಂದರೆ ‘ಯಾಕೆ’ ಎಂದು ಕೇಳದೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಇದನ್ನು ಅವ್ವ ರೋಗವೆಂದಳು. ಜಹೀರಾಬಾದಿನಲ್ಲಿ ನಿಜಾಮ್ ಸರ್ಕಾರದ ಶಾಲೆಯವರು ಇದಕ್ಕೇ ಉರ್ದು ಚರ್ಚಾಸ್ಪರ್ಧೆಯ ಬಹುಮಾನ ಕೊಟ್ಟರು. ರೋಗ ಉಲ್ಬಣಿಸಿತು. ಕುರಿಗಿಂತ ಮೇಕೆ ಮೇಲೆಂದು ಒಮ್ಮೆ ಮನೆಯಲ್ಲೇ ಸಾಧಿಸಿದ್ದಕ್ಕೆ, ಕುರಿ ಸಾಕುವ ಅಪ್ಪ ಎರಡು ದಿನ ಮಾತು ಬಿಟ್ಟಿದ್ದ.

ಅಕ್ಕ ಗಂಗವ್ವನನ್ನು ನೋಡಲು ಕೊಹೀರಿನ ನಮ್ಮ ಮನೆಗೆ ತಾಂಡೂರಿನವರು ಬರುವವರಿದ್ದರು. ಹುಡುಗನನ್ನು ಅವಳು ನ್ಯಾಲ್ಕಲ್‌ನ ಒಂದು ಮದುವೆಯಲ್ಲಿ ಕಂಡು ಒಳಗೊಳಗೇ ಒಪ್ಪಿಬಿಟ್ಟಿದ್ದಳು. ಅಂದು ಬೆಳಿಗ್ಗೆ ಪಡಸಾಲೆಗೆ ಸುಣ್ಣ ಬಳಿದರು. ಅದರ ಮೇಲೆ ನಮ್ಮ ಹೊಂಬಣ್ಣದ ಟಗರನ್ನು ಇದ್ದಂತೆಯೇ ಬರೆಯುತ್ತೇನೆಂದೆ: ಕೊಂಬಿಗೆ ಇದ್ದಿಲು, ಹುಲ್ಲಿಗೆ ಅವರೆ ಎಲೆಯ ರಸ, ಮೈಗೆ ಅರಿಶಿನ.

‘ಹಸಿ ಸುಣ್ಣದ ಮ್ಯಾಲ ಅರಶಿಣ ಹಚ್ಚಬ್ಯಾಡೊ ತಮ್ಮಾ, ಕೆಂಪಾಗ್ತದ,’ ಅಂದಳು ಅಕ್ಕ.

‘ಸಾಕ್ಷಿ?’

‘ಆರತಿ ನೀರು ನೋಡಿಲ್ಲೇನು?’

ನೋಡಿದ್ದೆ. ಆದರೆ ತಟ್ಟೆಯ ಸಾಕ್ಷ್ಯ ಗೋಡೆಗೆ ಅನ್ವಯಿಸುವುದಿಲ್ಲವೆಂದು ವಾದಿಸಿ ಗೆದ್ದೆ. ಮೊದಲ ಸಲ ಬಳಿಯುತ್ತಲೇ ಕೆಂಪಾಯಿತು. ಇನ್ನೊಂದು ಸಲ ಬಳಿದರೆ ಹಳದಿ ಬರುತ್ತದೆಂಬ ನಿಲುವಿಗೆ ಅಂಟಿಕೊಂಡು ಮೂರು ಸಲ ಬಳಿದೆ. ಟಗರು ಆಗಷ್ಟೇ ಕೊಯ್ದಂತಾಯಿತು. ಬೀಗರು ಬಂದರೇನೋ ಎಂದು ಬಾಗಿಲಿಗೂ ಗೋಡೆಗೂ ನಾನು ಓಡಾಡುತ್ತಿರುವಾಗಲೇ ಅಪ್ಪ ಹುಡುಗನ ತಂದೆಯನ್ನು ರೈಲಿನಿಂದ ಇಳಿಸಿ ಕರೆತಂದ. ಹಾಸಿಟ್ಟ ಕಂಬಳಿಯ ಮೇಲೆ ಅವರು ಕೂರಲೇ ಇಲ್ಲ.

‘ಇದೇನ್ರಿ, ಶುಭಕಾರ್ಯದಾಗ ಕೊಯ್ದ ಟಗರು ಬರಸೀರಿ?’

‘ಇದು ಟಗರಲ್ಲರಿ ಕಾಕಾ,’ ಎಂದೆ. ‘ಆಕಾರ ಬಿಟ್ಟು ಬರೇ ಭಾವ ಬರದೀನಿ. ಕೆಂಪಂದ್ರ ಉತ್ಸಾಹ.’

‘ಹಂಗಾರ ಕೊಂಬ್ಯಾಕ?’

‘ಉತ್ಸಾಹಕ್ಕ ಕೊಂಬು ಇರಬಾರದಂತ ಎಲ್ಲಿ ಅದರಿ?’

ಅವರು ರುಮಾಲು ಸರಿಪಡಿಸಿಕೊಂಡು ಬಾಗಿಲ ಕಡೆ ತಿರುಗಿದರು. ಅಪ್ಪನ ಮುಖ ಸುಣ್ಣದ ಬಣ್ಣಕ್ಕೆ ಬಂತು. ಯಾರೂ ಕರೆಯುವ ಮೊದಲೇ ಅಕ್ಕ ಒಳಗಿನಿಂದ ಬಂದಳು. ಕೈಯಲ್ಲಿ ಚಹಾ ಅಲ್ಲ, ಹುಣಸೆಹಣ್ಣು ಕಿವುಚಿದ ನೀರು. ಯಾರನ್ನೂ ನೋಡದೆ ಅದರಲ್ಲಿ ಬಟ್ಟೆ ಅದ್ದಿ ಟಗರಿನ ಬೆನ್ನಿಗೆ ಮೆಲ್ಲಗೆ ಒತ್ತತೊಡಗಿದಳು. ಒತ್ತಿದಲ್ಲೆಲ್ಲ ಕೆಂಪು ಹೋಗಿ ಹಳದಿ ಎದ್ದಿತು. ಟಗರು ಬದುಕಿ ನಿಂತಿತು.

‘ಇಷ್ಟು ತಿಳಿದಾಕಿ ನಮ್ಮ ಮನಿಗೆ ಬೇಕ್ರಿ,’ ಎನ್ನುತ್ತ ಅವರು ಕಂಬಳಿಯ ಮೇಲೆ ಕೂತರು. ‘ಆದ್ರ ಒಂದ ಮಾತು. ಮದುವಿ ಮುಗಿಯೋತನಕ ಈ ಹುಡುಗ ನಮ್ಮ ಮುಂದ ಬಾಯಿ ತೆಗೀಬಾರ್ದು.’

ಆ ಷರತ್ತಿನ ವಿರುದ್ಧ ಏಳು ಅಂಶಗಳು ನಾಲಿಗೆಯ ತುದಿಗೆ ಬಂದವು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಏಳನ್ನೂ ನುಂಗಿ, ‘ಒಪ್ಪಿದೆ’ ಎಂದಷ್ಟೇ ಹೇಳಲು ಬಾಯಿ ತೆರೆದೆ. ಅವ್ವ ಅದರೊಳಗೆ ಇಡೀ ಒಂದು ಹೋಳಿಗೆ ತುರುಕಿದಳು.