ಬಿಳಿ ಬಣ್ಣದ ಮ್ಯಾಂಚೆಸ್ಟರ್

ಗುಂಡಿ ಒತ್ತಿದ ಮಾತ್ರಕ್ಕೆ ಸಾಮಾನು ತಾನಾಗಿ ನಡೆದುಕೊಂಡು ಮನೆಗೆ ಬರುವುದಿಲ್ಲ. ಎಲ್ಲೋ ಒಂದು ಗೋದಾಮಿನಲ್ಲಿ ಯಾರೋ ಅದಕ್ಕಾಗಿ ಓಡುತ್ತಾರೆ, ಉಚ್ಚೆಗೆ ಹೋಗಲೂ ಪುರುಸೊತ್ತಿಲ್ಲದೆ ಓಡುತ್ತಾರೆ. ಇದು ನಿಮಗೆ ಗೊತ್ತಿರಬೇಕಿತ್ತು. ದಕ್ಷಿಣ ಆಸ್ಟ್ರೇಲಿಯದ ವಿಲ್ಗಾರ ಎಂಬ ಸಣ್ಣ ಊರಿನ ನೋಲೀನ್ ಪ್ರಿಡೋಗಂತೂ ಗೊತ್ತಿತ್ತು. ಹಾಗೆ ಓಡಿದವಳು ಅವಳ ತಂಗಿಯ ಮಗಳೇ. ಆ ದೊಡ್ಡ ಆನ್‌ಲೈನ್ ಅಂಗಡಿಯ ಗೋದಾಮಿನಲ್ಲಿ ಎರಡು ವರ್ಷ ಓಡಿ, ಇಪ್ಪತ್ತೇಳಕ್ಕೇ ಟ್ಯಾಮ್ಸಿನ್ ಅಜ್ಜಿಯರ ಮಂಡಿ ಸಂಪಾದಿಸಿಕೊಂಡಿದ್ದಳು.

ನೋಲೀನ್ ಪ್ರತಿಜ್ಞೆ ಮಾಡಿದಳು. ಮನೆಯೊಳಗೆ ಸದ್ದಿಲ್ಲದೆ ಪ್ರತಿಜ್ಞೆ ಮಾಡುವ ಜಾತಿಯಲ್ಲ ಅವಳು. ಊರಿನ ಸಭಾಭವನದಲ್ಲಿ, ಮಹಿಳಾ ಸಂಘದ ಮುಂದೆ, ಚಹಾದ ಕೆಟಲ್ ಪಕ್ಕ ನಿಂತು ಘೋಷಿಸಿದಳು: ಆ ಅಂಗಡಿಯ ಒಂದೆಳೆ ನೂಲೂ ತನ್ನ ಹೊಸ್ತಿಲು ದಾಟುವಂತಿಲ್ಲ. ಭಾಷಣದ ಕೊನೆಗೆ ಓಟಿಲಿ ಫೈಫರ್‌ಳ ಪ್ರಸಂಗ ಬಂತು. ಮುಖ್ಯ ಬೀದಿಯಲ್ಲಿ ಮೂವತ್ತೆಂಟು ವರ್ಷ ನಡೆದ ಬಟ್ಟೆಯಂಗಡಿ ಓಟಿಲಿಯದು. ಈಗ ಅದರ ಮುಂಭಾಗಕ್ಕೆ ಉದ್ದಕ್ಕೂ ಹಲಗೆ ಹೊಡೆದಿತ್ತು. "ಮುಚ್ಚಿಲ್ಲ ಅದು, ಕೊಂದಿದ್ದಾರೆ," ಎಂದು ನೋಲೀನ್ ದನಿ ತಗ್ಗಿಸಿದಾಗ, ಸ್ಕೋನ್ ಬನ್ನಿಗೆ ಜಾಮ್ ಸವರುತ್ತಿದ್ದ ಚಾಕುಗಳೆಲ್ಲ ನಿಂತವು. ಭಾಷಣ ಎಷ್ಟು ಚೆನ್ನಾಗಿತ್ತೆಂದರೆ ಸುತ್ತಲಿನ ನಾಲ್ಕು ಊರಿನವರು ಕರೆಸಿ ಅದನ್ನೇ ಮತ್ತೆ ಮಾಡಿಸಿದರು. ಓಟಿಲಿ ಒಮ್ಮೆ ಬೇಕರಿಯಲ್ಲಿ ಎದುರಾದಾಗ ನೋಲೀನ್ ಅವಳ ಎರಡೂ ಕೈ ಹಿಡಿದು, "ಧೈರ್ಯವಾಗಿರು," ಎಂದು ಹೇಳಿ, ಉತ್ತರಕ್ಕೆ ಕಾಯದೆ ಕಣ್ಣೊರೆಸಿಕೊಂಡು ಹೊರಟುಬಿಟ್ಟಿದ್ದಳು.

ಪ್ರತಿಜ್ಞೆಗೆ ಪರೀಕ್ಷೆ ಬಂದದ್ದು ಈಸ್ಟರ್ ಸಮಯದಲ್ಲಿ. ಟ್ಯಾಮ್ಸಿನ್‌ಳ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ, ಸುಧಾರಿಸಿಕೊಳ್ಳಲು ದೊಡ್ಡಮ್ಮನ ತೋಟದ ಮನೆಗೆ ಬರುವುದೆಂದು ಗೊತ್ತಾಯಿತು. ನೋಲೀನ್ ಅತಿಥಿಗಳ ಮಂಚಕ್ಕೆ ಹಾಸಲು ಕಪಾಟು ತೆರೆದರೆ ಒಳಗೆ ಗಾಳಿ ಮಾತ್ರ. ಚಾದರಗಳೆಲ್ಲ ಹಿತ್ತಿಲಲ್ಲಿದ್ದವು, ಕ್ವಿನ್ಸ್ ಹಣ್ಣಿನ ಮರದ ಮೇಲೆ.

"ಹಣ್ಣಿಗೆ ಕಾಕಟೂ ಗಿಳಿ ಬರ್ತಿದ್ವು," ಎಂದ ಗಂಡ ಕ್ಲೆಮ್. ಅವನ ಮಟ್ಟಿಗೆ ಅದೇ ಪೂರ್ಣ ವಿವರಣೆ. ಹಣ್ಣು ಉಳಿದಿತ್ತು. ಚಾದರ ಮೀನಿನ ಬಲೆಯಾಗಿತ್ತು.

"ಒಂದು ಗುಂಡಿ ಒತ್ತಿದ್ರೆ ನಾಳಿದ್ದು ಬರುತ್ತೆ," ಎಂದು ಅವನು ಸೇರಿಸಿದ.

"ಆ ಹುಡುಗಿ ಮಂಡಿ ಸವೆಸಿಕೊಂಡ ಜಾಗದಿಂದಲೇ ಚಾದರ ತರಿಸಿ ಅದರ ಮೇಲೆ ಅವಳನ್ನ ಮಲಗಿಸ್ಲಾ? ನಿನಗೆ ಹೊಟ್ಟೆಗೆ ಏನು ಹಾಕ್ತೀನಿ ನಾನು?"

ಕ್ಲೆಮ್ ಇನ್ನೇನೋ ಹೇಳಲು ಬಾಯಿ ತೆರೆದ. ನೋಲೀನ್ ಕೈ ಎತ್ತಿದಳು. ಅವನು ಬಾಯಿ ಮುಚ್ಚಿದ. ಇದನ್ನು ನೆನಪಿಡಿ.

ಟ್ಯಾಮ್ಸಿನ್ ಬರಲು ಮೂರು ವಾರವಿತ್ತು. ಅಷ್ಟರೊಳಗೆ ಒಂದು ಸಣ್ಣ, ಪ್ರಾಮಾಣಿಕ ಅಂಗಡಿ ಹುಡುಕಬೇಕು. ನೋಲೀನ್ ಕಂಪ್ಯೂಟರಿನ ಮುಂದೆ ಕೂತು "ಮ್ಯಾಂಚೆಸ್ಟರ್" ಎಂದು ಟೈಪ್ ಮಾಡಿದಳು. ಅವರ ಸೀಮೆಯಲ್ಲಿ ಚಾದರ, ದಿಂಬಿನ ಚೀಲ, ಟವೆಲ್ಲು, ಇಷ್ಟಕ್ಕೂ ಸೇರಿ ಇರುವ ಒಂದೇ ಹೆಸರು ಅದು. ಬಟ್ಟೆಯಂಗಡಿಯ ಬೋರ್ಡಿನ ಮೇಲೂ ಹಾಗೇ ಬರೆದಿರುತ್ತದೆ. ಅದು ಇಂಗ್ಲೆಂಡಿನ ಒಂದು ಊರೂ ಹೌದು ಎಂಬುದು ನೋಲೀನ್‌ಗೆ ಆ ಕ್ಷಣ ನೆನಪಿಗೆ ಬರಲಿಲ್ಲ. ಕಂಪ್ಯೂಟರು ಅವಳಿಗೆ ಸಾವಿರಾರು ಫುಟ್‌ಬಾಲ್ ಅಂಗಿಗಳನ್ನು ತೋರಿಸಿತು.

ಹುಡುಕುತ್ತಾ ಹೋದಾಗ ಇಂಗ್ಲೆಂಡಿನ ಒಬ್ಬ ಮುದಿ ನೇಕಾರ ಸಿಕ್ಕಿದ. "ಡಬಲ್ ಮಂಚಕ್ಕಾಗುವಷ್ಟು ಮ್ಯಾಂಚೆಸ್ಟರ್ ಬೇಕು, ಬಿಳಿ ಬಣ್ಣದ್ದು, ತೊಳೆದರೆ ಕುಗ್ಗಬಾರದು," ಎಂದು ಬರೆದಳು. ಮರುದಿನ ಉತ್ತರ ಬಂತು. "ಅಮ್ಮಾ, ಮ್ಯಾಂಚೆಸ್ಟರ್ ಇಲ್ಲಿಂದ ಮೂವತ್ತು ಮೈಲಿ. ಅದರಲ್ಲಿ ಜನ ವಾಸವಾಗಿದ್ದಾರೆ. ನಾನು ನೋಡಿದಾಗಲೆಲ್ಲ ಅದು ಬೂದು ಬಣ್ಣದಲ್ಲೇ ಇತ್ತು. ಮಾರಾಟದ ವಿಷಯ ನಗರಸಭೆಯವರನ್ನು ಕೇಳಿ."

ನೋಲೀನ್ ಒಂದು ದಿನ ಮಾತಾಡಲಿಲ್ಲ. ಕ್ಲೆಮ್ ಆ ದಿನವನ್ನು ಚೆನ್ನಾಗಿ ಕಳೆದ.

ಕೊನೆಗೆ ಒಂದು ಪುಟ ಸಿಕ್ಕಿತು. ಹೆಸರು "ರೆಡ್‌ಗಮ್". ದಕ್ಷಿಣ ಆಸ್ಟ್ರೇಲಿಯದ್ದೇ ಸಣ್ಣ ಅಂಗಡಿ, ಒಬ್ಬಳೇ ಹೆಂಗಸು ನಡೆಸುವುದು. ಪುಟದ ತುದಿಯಲ್ಲೇ ದಪ್ಪಕ್ಷರದಲ್ಲಿ "ಮ್ಯಾಂಚೆಸ್ಟರ್" ಎಂದಿತ್ತು. ತನ್ನ ಭಾಷೆ ಬಲ್ಲವಳೊಬ್ಬಳು ಸಿಕ್ಕಳಲ್ಲ ಎಂದು ನೋಲೀನ್ ಕುರ್ಚಿ ಮುಂದಕ್ಕೆಳೆದುಕೊಂಡಳು. ಬಿಳಿ ಚಾದರ ಆರಿಸಿದಳು. "ಮಾರಾಟಗಾರರಿಗೆ ಏನಾದರೂ ತಿಳಿಸುವುದಿದೆಯೇ?" ಎಂಬ ಪೆಟ್ಟಿಗೆ ಕಂಡಿತು. ಅಂಥ ಪೆಟ್ಟಿಗೆಯನ್ನು ಖಾಲಿ ಬಿಡುವವಳಲ್ಲ ಅವಳು. ತಂಗೀ, ನಿನ್ನ ಕಷ್ಟ ನನಗೆ ಗೊತ್ತು, ಸೋಲಬೇಡ, ನಮ್ಮೂರಲ್ಲೂ ಓಟಿಲಿ ಅಂತ ಒಬ್ಬಳಿದ್ದಳು, ಅವಳ ಅಂಗಡಿಯನ್ನು ನುಂಗಿಬಿಟ್ಟರು ಎಂದು ಇಡೀ ಭಾಷಣವನ್ನೇ ಬರೆದು ಕಳಿಸಿದಳು. ಉತ್ತರ ಒಂದೇ ಸಾಲು: "ನಿಮ್ಮ ಆರ್ಡರ್ ತಲುಪಿದೆ. ಓದಿದೆ."

ಪಾರ್ಸಲ್ ಮಾತ್ರ ತಲುಪಲಿಲ್ಲ. ಅಡಿಲೇಡಿನ ಅಂಚೆ ಕೇಂದ್ರದಲ್ಲಿದೆ ಎಂದು ಫೋನು ಹೇಳಿತು. ನಾಲ್ಕು ದಿನ ಅದನ್ನೇ ಹೇಳಿತು. ಟ್ಯಾಮ್ಸಿನ್ ಬರಲು ಎರಡು ದಿನ ಉಳಿದಾಗ ನೋಲೀನ್ ದೊಡ್ಡ ಅಂಗಡಿಯ ಪುಟ ತೆರೆದಳು. ಚಾದರ ಬುಟ್ಟಿಗೆ ಬಿತ್ತು. ಬೆರಳು ಗುಂಡಿಯ ಮೇಲೆ ಹೋಯಿತು. ಆದರೆ ಗುಂಡಿಯ ಕೆಳಗೆ ಅವಳಿಗೆ ಕಂಡದ್ದು ಹೊಲಿಗೆ ಹಾಕಿದ ಮಂಡಿ. ಫೋನು ಮಗುಚಿಟ್ಟು, ಮರದ ಮೇಲಿನ ಚಾದರ ಇಳಿಸಿ ತೇಪೆ ಹಾಕಲು ಕೂತಳು. ಬದುಕಿನಲ್ಲಿ ಅವಳು ಭಾಷಣವಿಲ್ಲದೆ ಮಾಡಿದ ಮೊದಲ ಒಳ್ಳೆಯ ಕೆಲಸ ಅದು.

ಮಾರನೇ ಬೆಳಿಗ್ಗೆ ಅಂಚೆ ವ್ಯಾನು ಬಂತು. ಪಾರ್ಸಲ್ ತಿರುಗಿಸಿ ಕಳಿಸಿದವರ ವಿಳಾಸ ಓದಿದಳು. ಓ. ಫೈಫರ್. ಮುಖ್ಯ ಬೀದಿ, ವಿಲ್ಗಾರ.

ಅಡಿಲೇಡಿಗೆ ಹೋಗಿ ಆರುನೂರು ಕಿಲೋಮೀಟರ್ ಸುತ್ತಿ, ತೋಟದಿಂದ ಹನ್ನೆರಡೇ ಕಿಲೋಮೀಟರ್ ಆಚೆಯ ಊರಿಂದ ಬಂದ ಚಾದರ.

"ಓಟಿಲಿ ಅಂಗಡಿ ನಡೀತಿದೆಯಾ?" ಎಂದು ಕ್ಲೆಮ್‌ನನ್ನು ಕೇಳಿದಳು.

"ನನ್ನ ಕಾಲುಚೀಲ ಎಲ್ಲಿಂದ ಬರ್ತವೆ ಅಂದ್ಕೊಂಡಿದ್ದೆ?"

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ಬಿಟ್ಟಿದ್ದೆ. ನೀನು ಕೈ ಎತ್ತಿದೆ."

ನೋಲೀನ್ ಆಗಲೇ ಊರಿಗೆ ಹೊರಟಳು. ಅಂಗಡಿಯ ಹಿಂದಿನ ಓಣಿಯ ಬಾಗಿಲು ತೆರೆದೇ ಇತ್ತು. ಓಟಿಲಿ ಟವೆಲ್ಲು ಮಡಚುತ್ತಿದ್ದಳು, ತಲೆ ಎತ್ತಲಿಲ್ಲ.

"ಮುಂದಿನ ಗಾಜು ಒಡೆದಿದ್ದು ಆಲಿಕಲ್ಲಿಗೆ ಕಣೇ, ಅದಕ್ಕೇ ಹಲಗೆ," ಎಂದಳು. "ಹಿಂದಿನ ಬಾಗಿಲಿಗೆ ಬನ್ನಿ ಅಂತ ಹಲಗೆ ಮೇಲೆ ಬರೆದಿದ್ದೀನಿ. ಹತ್ತಿರ ಬಂದು ಓದೋರು ಯಾರು? ಅಷ್ಟರಲ್ಲಿ ನೀನು ನಾಲ್ಕೂರಲ್ಲಿ ನನ್ನ ತಿಥಿ ಮಾಡಿ ಊಟ ಹಾಕಿ ಬಂದಿದ್ದೆ. ಬೇಕರಿಯಲ್ಲಿ ಕೈ ಹಿಡ್ಕೊಂಡೆಯಲ್ಲ, ನನ್ನ ಪಿತ್ತಕೋಶದ ಕಲ್ಲಿನ ಸುದ್ದಿ ನಿನಗೆ ಯಾರು ಹೇಳಿದ್ರು ಅಂತ ವಾರವೆಲ್ಲ ಯೋಚಿಸ್ದೆ."

ನೋಲೀನ್ ತಾನೂ ಒಂದು ಟವೆಲ್ಲು ಎತ್ತಿ ಮಡಚತೊಡಗಿದಳು. "ಒಂದು ಫೋನ್ ಮಾಡಿದ್ರೆ ನಾನೇ ಬಂದು ತಗೊಂಡು ಹೋಗ್ತಿದ್ನಲ್ಲೇ."

"ಸತ್ತೋರು ಫೋನ್ ಮಾಡಿದ್ರೆ ಎತ್ತುತ್ತಿದ್ಯಾ?"

ಟ್ಯಾಮ್ಸಿನ್ ಆ ಚಾದರದ ಮೇಲೆ ಹತ್ತು ದಿನ ಮಲಗಿದಳು. ಮುಂದಿನ ಸಭೆಯಲ್ಲಿ ನೋಲೀನ್ ಎದ್ದು ನಿಂತಾಗ ಚಾಕುಗಳು ಅಭ್ಯಾಸಬಲದಿಂದ ನಿಂತವು. ಅವಳು ಹೇಳಿದ್ದು ಇಷ್ಟೇ: "ಓಟಿಲಿ ಬದುಕಿದ್ದಾಳೆ. ಹಿಂದಿನ ಬಾಗಿಲಿಂದ ಹೋಗಿ." ಕೂತಳು.

ನೀವು ನಗುತ್ತಿದ್ದೀರಿ. ಅವಳಿಗಾದರೂ ಅಂಗಡಿಯವಳ ಹೆಸರು ಗೊತ್ತಿತ್ತು. ನಿಮ್ಮ ಬೀದಿಯ ಕೊನೆಯಲ್ಲಿ ಬಟ್ಟೆ ಮಾರುವವರ ಹೆಸರೇನು? ಗೊತ್ತಿಲ್ಲವಲ್ಲ. ಆ ಫೋನು ಕೆಳಗಿಡಿ. ಚಪ್ಪಲಿ ಮೆಟ್ಟಿ ಹೋಗಿ ಕೇಳಿಕೊಂಡು ಬನ್ನಿ.