ಎರಡು ಊರಿನ ಮಾತ್ರೆ

ಹೃದಯದಲ್ಲಿ ತೂತು ಇರಬಹುದು. ಹುಟ್ಟಿನಿಂದಲೇ ಇದ್ದು, ನಲವತ್ತಾರು ವರ್ಷ ಯಾರಿಗೂ ಹೇಳದೆ ಸುಮ್ಮನಿದ್ದ ತೂತು. ತೂತಲ್ಲದಿದ್ದರೆ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ಕವಾಟ ಸರಿಯಿದ್ದರೆ ರಕ್ತ ನೀರಾಗಿರಬೇಕು, ನೀರಾಗಿಲ್ಲದಿದ್ದರೆ ಎಲ್ಲೋ ಹೆಪ್ಪುಗಟ್ಟಿರಬೇಕು. ಹದಿನೈದು ವರ್ಷದ ಸೌದೆ ಹೊಗೆ ಶ್ವಾಸಕೋಶಕ್ಕೆ ಮೆತ್ತಿಕೊಂಡಿರಬಹುದು. ಸಕ್ಕರೆ ಇರಬಹುದು, ಬಿಪಿ ಇರಬಹುದು, ಎರಡೂ ಮಾತಾಡಿಕೊಂಡು ಒಟ್ಟಿಗೆ ಬಂದಿರಬಹುದು. ನಮ್ಮ ಸೋದರಮಾವ ಎಲೆಯ ಮುಂದೆ ಕೂತವರು ಎದೆ ಹಿಡಿದುಕೊಂಡು ಹಾಗೇ ಹೋಗಿದ್ದರು, ಅದು ವಂಶದಲ್ಲಿ ಇಳಿದು ಬಂದಿರಬಹುದು. ಇದ್ಯಾವುದೂ ಅಲ್ಲದಿದ್ದರೆ ಇನ್ನೂ ಹೆಸರಿಡದ ಹೊಸ ಕಾಯಿಲೆ, ನನ್ನಿಂದಲೇ ಶುರುವಾಗುವಂಥದ್ದು. ಡಾಕ್ಟರಿಗೆ ತೋರಿಸಲು ಹೊರಟು ಪಣಕಹಳ್ಳಿಯ ಬಸ್ ನಿಲ್ದಾಣದಲ್ಲಿ ಕಾಯುತ್ತಾ ಕೂತ ಮುಕ್ಕಾಲು ಗಂಟೆಯಲ್ಲಿ ನಾನು ತಯಾರಿಸಿದ ಪಟ್ಟಿ ಇದು. ಬಸ್ಸು ಇನ್ನೂ ತಡವಾಗಿ ಬಂದಿದ್ದರೆ ಮೂತ್ರಪಿಂಡವೂ ಸೇರುತ್ತಿತ್ತು.

ಚಿಂತೆ ಮಾಡುವುದರಲ್ಲಿ ನನಗೆ ಯಾರ ಸಹಾಯವೂ ಬೇಕಾಗಿಲ್ಲ. ನಮ್ಮೂರ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದ ಊಟ ನೋಡಿಕೊಳ್ಳುವವಳು ನಾನು. ಮನೆಮಾತು ಕನ್ನಡವಾದರೂ ನಮ್ಮ ಗುಡ್ಡ ತಮಿಳು ರಾಜ್ಯದ್ದು; ಸರ್ಕಾರದ ಕಾಗದದಲ್ಲಿ ಈ ಹುದ್ದೆಗೆ ತಮಿಳಿನಲ್ಲಿ ಉದ್ದವಾದ ಹೆಸರಿದೆ, ಮಕ್ಕಳು ಮಾತ್ರ ಅನ್ನದ ಟೀಚರ್ ಎನ್ನುತ್ತಾರೆ. ಇಂಥ ಕೆಲಸಕ್ಕೆ ಚಿಂತೆಯೇ ಬಂಡವಾಳ. ಸಾರಿಗೆ ಹಲ್ಲಿ ಬಿದ್ದೀತೆಂದು ಮುಚ್ಚಳ ಮುಚ್ಚಿಸುತ್ತೇನೆ. ಮುಚ್ಚುವ ಮೊದಲೇ ಬಿದ್ದಿದ್ದರೆ ಎಂದು ತೆಗೆಸಿ ನೋಡುತ್ತೇನೆ. ತೆಗೆದಾಗ ಬಿತ್ತೇನೋ ಎಂದು ಮತ್ತೆ ಸೌಟು ಹಾಕಿ ತಿರುವುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಹಲ್ಲಿಯೂ ಬಿದ್ದಿಲ್ಲ. ಚಿಂತೆ ಮಾಡಿದ್ದರಿಂದಲೇ ಬಿದ್ದಿಲ್ಲ ಎಂಬುದು ನನ್ನ ವಾದ. ಹಲ್ಲಿಗೂ ತಲೆ ಚಿಟ್ಟು ಹಿಡಿದಿರಬೇಕು ಎಂಬುದು ನಮ್ಮ ಮನೆಯವರ ವಾದ.

ಆ ವರ್ಷ ಮೊದಲು ಬಂದದ್ದು ಸುಸ್ತು. ಎದ್ದಾಗಲೇ ಹೊಲ ಅಗೆದು ಬಂದವಳಂತೆ ಮೈ ಭಾರ. ಮುಖ ಊದಿತು, ಬೆರಳಿನ ಉಂಗುರ ಬಿಗಿಯಾಯಿತು, ದನಿ ಗೊಗ್ಗರಾಯಿತು. ಎಲ್ಲರೂ ಬರೀ ಸ್ವೆಟರ್ ಹಾಕುವ ದಿನಗಳಲ್ಲಿ ನಾನು ಸ್ವೆಟರಿನ ಮೇಲೆ ಶಾಲು ಹೊದೆಯುತ್ತಿದ್ದೆ. ಆಮೇಲೆ ಉಸಿರು. ಅಡುಗೆ ಕೋಣೆಯ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಗೋಡೆ ಹಿಡಿಯಬೇಕಾಗುತ್ತಿತ್ತು. ಅಡುಗೆ ಮಾಡುವ ಮಾದಮ್ಮ ಅನ್ನ ಬಸಿಯುತ್ತಲೇ ಕೇಳಿದಳು: “ಅಕ್ಕ, ನೀ ಸ್ಕೂಲ್ಗೆ ಬಂದಿದ್ದೀಯೋ, ದಿಂಬಂ ಗುಡ್ಡ ಅತ್ಕಂಡು ಬಂದಿದ್ದೀಯೋ? ಅದ್ಯಾಕಂಗೆ ಉಸುರ್ ಬುಡ್ತಿದ್ದೀಯೆ? ಐಕ್ಳು ಎದರ್ಕತವೆ, ಕೂತ್ಕ.”

ಹಾಗಾಗಿ ಮೊದಲು ಸತ್ಯಮಂಗಲಕ್ಕೆ ಇಳಿದೆವು. ಘಾಟಿ ಶುರುವಾಗುವ ದಿಂಬಂನಲ್ಲಿ ಬಸ್ಸು ನಿಂತಾಗ ನಮ್ಮ ಮನೆಯವರು ಇಳಿದು, ಆರಾಮವಾಗಿ ಟೀ ಕುಡಿದು, ಬೋಂಡ ತಿಂದು, ಕೈ ಒರೆಸಿಕೊಂಡು ಬಂದು ಕೂತರು. ಆ ಮನುಷ್ಯ ಹೊಲಕ್ಕೆ ಎಲೆಕೋಸು ಹಾಕುತ್ತಾರೆ, ಆನೆ ಬಂದು ತುಳಿದರೆ ಮತ್ತೆ ಹಾಕುತ್ತಾರೆ. ಚಿಂತೆಯ ಇಲಾಖೆಯನ್ನು ಮದುವೆಯ ದಿನವೇ ನನಗೆ ವಹಿಸಿಕೊಟ್ಟವರು. ಘಾಟಿಯ ಇಪ್ಪತ್ತೇಳು ತಿರುವಿಗೂ ನಾನು ಒಂದೊಂದು ಕಾಯಿಲೆ ನೆನೆಯುತ್ತಾ ಇಳಿದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ರಕ್ತ ತೆಗೆಸಿ, ಸಂಜೆ ಹೇಳಿದರು: ಹೃದಯಕ್ಕೆ ಏನೂ ಆಗಿಲ್ಲ, ಥೈರಾಯ್ಡ್ ಕಮ್ಮಿಯಾಗಿದೆ, ಕತ್ತಿನಲ್ಲಿರುವ ಒಂದು ಸಣ್ಣ ಗ್ರಂಥಿ ಮಂದವಾಗಿದೆ. ದಿನಾ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಒಂದು ಮಾತ್ರೆ. ಗುಣ ಕಾಣಲು ಸಮಯ ಬೇಕು, ಎರಡು ತಿಂಗಳು ಬಿಟ್ಟು ಬನ್ನಿ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಅವಮಾನವಾಯಿತು. ಅಷ್ಟು ದೊಡ್ಡ ಪಟ್ಟಿ ಹಿಡಿದು ಹೋದವಳಿಗೆ ಇಷ್ಟು ಚಿಕ್ಕ ಕಾಯಿಲೆ ಕೊಟ್ಟು ಕಳಿಸುವುದೆ?

ಎರಡು ತಿಂಗಳು ಕಾಯುವ ತಾಳ್ಮೆ ಇದ್ದಿದ್ದರೆ ನಾನು ಬೇರೆಯೇ ಹೆಂಗಸಾಗಿರುತ್ತಿದ್ದೆ. ಮೂರನೇ ವಾರಕ್ಕೆ, ಗೆಟ್ಟವಾಡಿಗೆ ಕೊಟ್ಟಿರುವ ನಮ್ಮ ನಾದಿನಿ ಬಂದಳು. ನನ್ನ ಮುಖ ನೋಡಿ ಹೇಳಿದಳು: “ಅತ್ಗೆ, ಎದೆ ಇಂಡ್ಕಂಡಂಗಾಯ್ತದೆ ಅನ್ನೋದ್ನ ತಮಿಳ್ನಲ್ಲಿ ಏಳಾಕೆ ನಿಂಗೆ ಬತ್ತದಾ? ಅಕ್ಕಿ ಲೆಕ್ಕ ಏಳ್ದಂಗಲ್ಲ ಕಣತ್ಗೆ ಅದು. ಚಾಮ್ರಾಜನಗ್ರಕ್ಕೆ ಬಾ. ನಮ್ ಮಾತ್ನಲ್ಲೇ ಏಳ್ಕಳನ.” ಮಾತು ಸರಿಯೆನಿಸಿತು. ಅಕ್ಕಿ, ಬೇಳೆ, ಮೊಟ್ಟೆ, ಅಧಿಕಾರಿ, ರಜೆ, ಇವೆಲ್ಲ ನನಗೆ ತಮಿಳಿನಲ್ಲಿ ಸಲೀಸು. ಭಯ ಮಾತ್ರ ಕನ್ನಡದಲ್ಲೇ ಆಗುತ್ತದೆ.

ಇಲ್ಲಿ ನಮ್ಮ ಗುಡ್ಡದ ಮೇಲಿನವರ ಒಂದು ನಡವಳಿಕೆ ಹೇಳಬೇಕು. ರೇಷನ್ ಕಾರ್ಡು, ಸಂಬಳ, ಪೊಲೀಸು ನಮಗೆ ಕೆಳಗಿನ ತಮಿಳು ಸೀಮೆಯಿಂದ ಬರುತ್ತವೆ. ಸೊಸೆಯರು, ಸೀರೆ, ದೇವರ ಪಟ ಗಡಿಯಾಚೆಯ ಕನ್ನಡ ಸೀಮೆಯಿಂದ ಬರುತ್ತವೆ. ಎರಡು ಕಡೆಯವರಿಗೂ ಬೇಸರವಾಗದಂತೆ ಇರುವುದನ್ನು ನಾವು ಅಂಬೆಗಾಲಿಡುವಾಗಲೇ ಕಲಿಯುತ್ತೇವೆ. ಒಂದೇ ದಿನ ಎರಡು ಮದುವೆ ಬಂದರೆ ಎರಡರಲ್ಲೂ ಉಣ್ಣುತ್ತೇವೆ. ಎರಡನೇ ಮನೆಯಲ್ಲಿ ಎಲೆಯ ಮುಂದೆ ಕೂತು, ಈಗಷ್ಟೇ ಉಂಡು ಬಂದೆ ಎನ್ನುವವನು ನಮ್ಮಲ್ಲಿ ಮನುಷ್ಯನೇ ಅಲ್ಲ. ಚಾಮರಾಜನಗರದ ಡಾಕ್ಟರು ಕನ್ನಡಕ ಸರಿಮಾಡಿಕೊಂಡು, “ಇದಕ್ಕೆ ಮೊದಲು ಎಲ್ಲಾದರೂ ತೋರಿಸಿದ್ದೀರಾ? ಏನಾದರೂ ಮಾತ್ರೆ ತಗೊಳ್ತಿದ್ದೀರಾ?” ಎಂದು ಕೇಳಿದಾಗ ನನ್ನೊಳಗಿನ ಮದುವೆ ಮನೆಯ ನೆಂಟಳು ಎದ್ದು ಕೂತಳು. “ಇಲ್ಲ ಸಾರ್,” ಎಂದೆ, “ಮೊದ್ಲು ನಿಮ್ಮತ್ರಾನೇ ಬಂದಿದ್ದು.” ನಮ್ಮ ಮನೆಯವರು ಗೋಡೆಯ ಕ್ಯಾಲೆಂಡರು ನೋಡತೊಡಗಿದರು. ಅವರೂ ಅದೇ ಗುಡ್ಡದವರಲ್ಲವೆ.

ಅಲ್ಲೂ ರಕ್ತ ತೆಗೆದರು. ಅಲ್ಲೂ ಥೈರಾಯ್ಡ್ ಕಮ್ಮಿ ಎಂದರು. ಎರಡು ರಾಜ್ಯಗಳು ಒಂದು ವಿಷಯದಲ್ಲಿ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕೊಟ್ಟ ಮಾತ್ರೆಯ ಹೆಸರು ಬೇರೆ, ಸ್ಟ್ರಿಪ್ಪಿನ ಬಣ್ಣ ಬೇರೆ. ಮನೆಗೆ ಬಂದು ಎರಡನ್ನೂ ಮುಂದಿಟ್ಟುಕೊಂಡು ಕೂತೆ. ಸತ್ಯಮಂಗಲದ್ದನ್ನು ಬಿಟ್ಟು ಏನಾದರೂ ಆದರೆ? ಚಾಮರಾಜನಗರದ್ದನ್ನು ಬಿಟ್ಟು ಅದರಿಂದಲೇ ಆದರೆ? ಯಾವುದನ್ನೂ ಬಿಡುವ ಧೈರ್ಯ ಬರಲಿಲ್ಲ. ಮಾರನೆಯ ಬೆಳಿಗ್ಗೆಯಿಂದ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಎರಡೂ ಮನೆಯಲ್ಲಿ ಉಂಡಂತಾಯಿತು.

ಮೊದಲ ತಿಂಗಳು ಬಹಳ ಚೆನ್ನಾಗಿತ್ತು. ಊತ ಇಳಿಯಿತು, ಉಂಗುರ ಸಡಿಲಾಯಿತು, ಮೆಟ್ಟಿಲು ಓಡಿ ಹತ್ತಿದೆ. ಆಮೇಲೆ ಓಡುವುದು ನಿಲ್ಲಲಿಲ್ಲ. ನಾನು ಕೂತಿದ್ದರೂ ಎದೆ ಓಡುತ್ತಿತ್ತು. ರಾಗಿ ಮಿಲ್ಲಿನ ಬೆಲ್ಟು ಸಡಿಲಾದಾಗ ಬರುವಂಥ ಹೊಡೆತ, ಒಮ್ಮೆ ದಡದಡ, ಒಮ್ಮೆ ತಪ್ಪಿ, ಮತ್ತೆ ದಡದಡ. ಸೌಟು ಹಿಡಿದರೆ ಸಾರು ಕೈ ಮೇಲೆ ಚೆಲ್ಲುತ್ತಿತ್ತು. ಚಳಿಯಲ್ಲೂ ಬೆವರು, ಎರಡು ಮಾತಾಡಿದರೆ ಏದುಸಿರು. ಎರಡು ಊರಿನ ಎರಡು ಮಾತ್ರೆ ತಿಂದರೂ ಹೀಗೆಂದರೆ, ಇಬ್ಬರ ಕಣ್ಣಿಗೂ ಬೀಳದ ದೊಡ್ಡದೇನೋ ಒಳಗೆ ಕೂತಿದೆ ಎಂದು ತೀರ್ಮಾನಿಸಿದೆ. ನನ್ನ ಹಳೆಯ ಪಟ್ಟಿಗೆ ಮರ್ಯಾದೆ ಬಂದಿತು.

ಸಾಯುವವಳಿಗೆ ಕೆಲಸ ಬಹಳ. ನಮ್ಮ ಮನೆಯವರಿಗೆ ನೀರು ಕಾಯಿಸಲೂ ಬರುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅವರನ್ನು ಒಲೆಯ ಮುಂದೆ ಕೂರಿಸಿ, ಮುದ್ದೆ ತಿರುವುವ ಕೋಲು ಕೈಗೆ ಕೊಟ್ಟೆ.

“ಈಗ ಯಾಕಮ್ಮಿ ಇದು?”

“ನಾಳೆ ನಾನಿಲ್ದಿದ್ರೆ? ನಿಮ್ಗೆ ಯಾರ್ ಮಾಡಿಕ್ತಾರೆ?”

ಅವರು ಎಸರನ್ನೇ ನೋಡುತ್ತಿದ್ದರು. “ನೀನಿಲ್ದಿದ್ರೆ ಮುದ್ದೆ ಗಂಟ್ಲಲ್ಲಿ ಇಳ್ದದಾ?” ಎಂದರು. ಆಮೇಲೆ, “ಇಟ್ಟು ಎಷ್ಟು ಆಕ್ಲಿ, ಏಳು,” ಎಂದರು.

ನಾನು ಹೇಳಿದೆ, ಅವರು ಹಾಕಿದರು. ಗಂಟುಗಂಟಾಯಿತು. ಇಬ್ಬರೂ ಅದನ್ನೇ ಉಂಡೆವು. ಆ ವಾರದಿಂದ ಅವರು ಮಧ್ಯಾಹ್ನ ಶಾಲೆಯ ಕಡೆ ಬರತೊಡಗಿದರು. ಹೊಸದಾಗಿ ಕೊಂಡ ಮೊಬೈಲಿಗೆ ನಮ್ಮ ಅಡುಗೆ ಕೋಣೆಯ ಹತ್ತಿರ ಸಿಗ್ನಲ್ ಇಲ್ಲ. ಹಾಗಾಗಿ ಮೊಪೆಡ್ಡಿನಲ್ಲೇ ಬಂದು, ಬಾಗಿಲಲ್ಲಿ ನಿಂತು, ಖಾಲಿ ಚೀಲ ಇದೆಯೇ ಎಂದು ಕೇಳಿ, ನನ್ನ ಮುಖ ನೋಡಿ ಹೋಗುತ್ತಿದ್ದರು. ನಾಲ್ಕನೇ ದಿನ ಮಾದಮ್ಮ ತಡೆಯಲಾರದೆ, “ಅಣ್ಣಯ್ಯ, ಮೊನ್ನೆ ತಗಂಡೋದ ಚೀಲ್ವೇ ಗಾಡಿಲಿ ಅಂಗೇ ಅದೆ. ಅಕ್ಕನ್ನ ನೋಡಾಕ್ ಬಂದೆ ಅಂತ ಏಳ್ಬುಡು, ಯಾರೂ ನಗಾಕಿಲ್ಲ,” ಎಂದಳು. ಅವರು ನಗಲಿಲ್ಲ. ಚೀಲ ತೆಗೆದುಕೊಂಡು ಹೋದರು. ಇಷ್ಟು ವರ್ಷ ಮನೆಯ ಚಿಂತೆಯನ್ನೆಲ್ಲ ನಾನೊಬ್ಬಳೇ ಹೊತ್ತಿದ್ದೇನೆಂದು ಹೆಮ್ಮೆಪಡುತ್ತಿದ್ದವಳಿಗೆ ಅವತ್ತು ಎದೆ ಬೇರೆ ರೀತಿಯಲ್ಲಿ ಹೊಡೆದುಕೊಂಡಿತು.

ಕೆಲಸ ಬಿಡುವುದೆಂದು ಅಂದೇ ನಿರ್ಧರಿಸಿದೆ. ಕೈ ನಡುಗುವವಳು ಕುದಿಯುವ ಸಾರಿನ ಪಕ್ಕ, ಮಕ್ಕಳ ನಡುವೆ ನಿಲ್ಲಬಾರದು. ಇದು ಚಿಂತೆಯ ಮಾತಲ್ಲ, ನಿಜವಾದ ಮಾತು. ಹದಿನೈದು ವರ್ಷದ ಕೆಲಸವನ್ನು ಬಿಡುತ್ತೇನೆಂದು ತಮಿಳಿನಲ್ಲಿ ಅರ್ಧ ಪುಟ ಬರೆದೆ. ಸಲೀಸಾಗಿ ಬರುವ ಭಾಷೆಯಲ್ಲೂ ನಾಲ್ಕು ಸಲ ಹರಿದು ಬರೆಯಬೇಕಾಯಿತು. ಗುಡ್ಡದ ಮೇಲೇ ಇರುವ ತಾಳವಾಡಿಯ ಕಚೇರಿಗೆ ಕೊಡಲು ಹೊರಟಾಗ ನಮ್ಮ ಮನೆಯವರು ಗಾಡಿಯನ್ನು ಅಲ್ಲಿನ ಆಸ್ಪತ್ರೆಯ ಮುಂದೆ ನಿಲ್ಲಿಸಿದರು. “ಅರ್ಜಿ ಕೊಡು, ಬ್ಯಾಡ ಅನ್ನಾಕಿಲ್ಲ. ಮೊದ್ಲು ಒಳಕ್ಕೋಗಿ ನಾಡಿ ತೋರ್ಸು,” ಎಂದರು.

ಒಳಗಿದ್ದ ನರ್ಸಮ್ಮ ನಮ್ಮ ಕಡೆಯವಳೇ, ನನಗಿಂತ ಹತ್ತು ವರ್ಷ ಚಿಕ್ಕವಳು. ಗಡಿಯಾರ ನೋಡುತ್ತಾ ನನ್ನ ಕೈ ಹಿಡಿದಳು, ಹುಬ್ಬು ಗಂಟಿಕ್ಕಿದಳು, ಮತ್ತೊಮ್ಮೆ ಹಿಡಿದಳು. “ಏನೇನ್ ಮಾತ್ರೆ ತಗತಿದ್ದೀಯಕ್ಕ? ತಂದಿದ್ದೀಯಾ?” ತರದೆ ಇರುತ್ತೇನೆಯೆ, ಅವೆರಡೂ ಸದಾ ನನ್ನ ಕೈಚೀಲದಲ್ಲೇ ಇರುತ್ತವೆ, ದಾರಿಯಲ್ಲಿ ಏನಾದರೂ ಆದರೆ ಎಂದು. ಅವಳು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಹಿಂಬದಿಯ ಸಣ್ಣ ಅಕ್ಷರ ಓದಿದಳು. ಓದಿದ್ದನ್ನೇ ಮತ್ತೆ ಓದಿದಳು.

“ಅಕ್ಕ, ಯಾವ್ದು ಯಾವಾಗ ತಗತೀಯೆ?”

“ಬೆಳಿಗ್ಗೆ. ಎರಡೂನೂ.”

“ಎರಡೂ ಒಂದೇ ಮದ್ದು ಕಣಕ್ಕ. ಕಂಪ್ನಿ ಬ್ಯಾರೆ, ಎಸ್ರು ಬ್ಯಾರೆ, ಒಳ್ಗಿರೋದು ಅದೇಯ. ದಿನಾ ಎರಡಾಳ್ ಪಾಲು ನುಂಗ್ತಾ ಇದ್ದೀಯೆ. ಎದೆ ಓಡ್ದೆ ಇನ್ನೇನ್ ಮಾಡ್ತದೆ?”

ಡಾಕ್ಟರು ಬಂದರು. ಇಸಿಜಿ ತೆಗೆಸಿ, ಓಟ ಬಿಟ್ಟರೆ ಹೃದಯದಲ್ಲಿ ಬೇರೇನೂ ತಪ್ಪಿಲ್ಲ ಎಂದರು. ಕೆಲವು ದಿನ ಎರಡೂ ಬೇಡ, ಆಮೇಲೆ ತಾವು ಹೇಳಿದ ಒಂದು ಮಾತ್ರ, ಮತ್ತೆ ರಕ್ತ ಪರೀಕ್ಷೆ ಎಂದು ಬರೆದರು. ಯಾವ ಊರಿನದ್ದನ್ನು ಬಿಡಬೇಕು ಎಂದು ನಾನು ಕೇಳಿದೆ. ಅವರು ತಲೆ ಎತ್ತಿ ನನ್ನನ್ನು ನೋಡಿ, ಮುಂದಿನವರನ್ನು ಕರೆದರು. ಹೊರಗೆ ಬಂದಾಗ ನಮ್ಮ ಮನೆಯವರು ಅರ್ಜಿಗೆ ಕೈ ಚಾಚಿದರು. ಕೊಟ್ಟೆ. ಜೇಬಿಗೆ ಹಾಕಿಕೊಂಡು ಗಾಡಿ ತಿರುಗಿಸಿದರು. ಒಂದೂವರೆ ತಿಂಗಳಲ್ಲಿ ಎದೆ ತನ್ನ ನಡಿಗೆಗೆ ಬಂತು.

ತೂತಿರಲಿಲ್ಲ, ಕವಾಟ ಗಟ್ಟಿಯಾಗಿತ್ತು, ಸೋದರಮಾವನೂ ನಿರಪರಾಧಿ. ಕತ್ತಿನ ಗ್ರಂಥಿ ಮಂದವಾಗಿದ್ದದ್ದು ನಿಜ, ಅದಕ್ಕೆ ಇಬ್ಬರು ಡಾಕ್ಟರೂ ಸರಿಯಾದ ಮದ್ದನ್ನೇ ಕೊಟ್ಟಿದ್ದರು. ಕೆಟ್ಟದ್ದು ಇಷ್ಟೇ: ಆ ದಿನ ಚಾಮರಾಜನಗರದಲ್ಲಿ ಆ ಪುಣ್ಯಾತ್ಮರು ಕೇಳಿದಾಗ ಸತ್ಯಮಂಗಲದ ಚೀಟಿ ನನ್ನ ಮಡಿಲಲ್ಲೇ, ಕೈಚೀಲದಲ್ಲಿ ನಾಲ್ಕಾಗಿ ಮಡಿಸಿ ಇತ್ತು, ಅವರಿಗೆ ಬೇಸರವಾದೀತೆಂದು ನಾನು ಅದನ್ನು ಹೊರಗೆ ತೆಗೆಯಲಿಲ್ಲ.