ಕೋಳಿಯ ಕತ್ತಿನ ಖಾಯಂ ಮಂಜೂರಾತಿಯನ್ನು ರದ್ದುಪಡಿಸುವ ಕುರಿತು

ಇಂದ:
ಶ್ರೀಮತಿ ಸುಲೋಚನಾ ಕೋಂ ಮರಿಯಪ್ಪ,
ಅಡುಗೆಮನೆ, ಸರ್ಕಾರಿ ಕ್ವಾರ್ಟರ್ಸ್,
ಗಾರ್ಡನ್ ರೀಚ್, ಕೋಲ್ಕತ್ತಾ.

ಗೆ:
ಶ್ರೀ ಮರಿಯಪ್ಪನವರು,
ಕಚೇರಿಯಲ್ಲಿ ಸೂಪರಿಂಟೆಂಡೆಂಟರು, ಮನೆಯಲ್ಲಿ ಯಜಮಾನರು,
ಫ್ಯಾನಿನ ಕೆಳಗಿನ ಕುರ್ಚಿ, ಸದರಿ ಕ್ವಾರ್ಟರ್ಸ್.

ಮೂಲಕ: ಕುಮಾರಿ ಅಕ್ಷರಾ, ಮಗಳು. (ಕನ್ನಡ ಓದಲು ಬಾರದ ಕಾರಣ ಗೌಪ್ಯತೆಗೆ ಧಕ್ಕೆಯಿಲ್ಲ.)

ವಿಷಯ: ಅರ್ಜಿದಾರಳಿಗೆ ಕೋಳಿಯ ಕತ್ತೆಂದರೆ ಪಂಚಪ್ರಾಣವೆಂಬ ಕಡತವನ್ನು ಮುಕ್ತಾಯಗೊಳಿಸಿ, ಇತರ ತುಂಡುಗಳನ್ನು ಮಂಜೂರು ಮಾಡುವ ಬಗ್ಗೆ.

ಉಲ್ಲೇಖ:
1) ಮದುವೆಯಾದ ಹೊಸತರಲ್ಲಿ ಮದ್ದೂರಿನ ಮನೆಯಲ್ಲಿ ಅರ್ಜಿದಾರಳು ನೀಡಿದ ಮೌಖಿಕ ಹೇಳಿಕೆ.
2) "ಏನಿದ್ರೂ ಬರ್ದು ಕೊಡು, ಬಾಯಿಮಾತೆಲ್ಲ ಬ್ಯಾಡ" ಎಂಬ ತಮ್ಮ ನಿನ್ನೆ ಸಂಜೆಯ ಆದೇಶ.

ಮಾನ್ಯರೇ,

ಅರ್ಜಿದಾರಳು ಬಾಯಲ್ಲಿ ಹೇಳಿ ಸಾಕಾಗಿ, ಸರ್ಕಾರಿ ನೌಕರರ ಮನೆಯಲ್ಲಿ ಕಾಗದವಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದೆಂಬುದನ್ನು ಮನಗಂಡು, ಈ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತಾಳೆ.

1. ಪ್ರತಿ ಭಾನುವಾರ ಮಾರುಕಟ್ಟೆಯಲ್ಲಿ ಕೋಳಿ ಆರಿಸುವವಳು ಅರ್ಜಿದಾರಳೇ. ಎದೆ ಒತ್ತಿ ನೋಡಿ, ಕಾಲಿನ ಚರ್ಮ ಒರಟಾಗಿದ್ದರೆ ಮುದಿಯೆಂದು ತಿರಸ್ಕರಿಸಿ, ಮಗುವಿನ ಅಂಗಿ ಕಳಚಿದ ಹಾಗೆ ಒಂದೇ ಎಳೆತಕ್ಕೆ ಚರ್ಮ ಸುಲಿಯಲು ಹೊರಟ ಅಂಗಡಿಯವನ ಕೈ ತಡೆದು, "ಚಮ್ಡಾ ಸಮೇತ್, ಛೋಟಾ ಪೀಸ್" ಎಂದು ತನಗೆ ಬಂದಷ್ಟು ಹಿಂದಿಯಲ್ಲಿ ಹೋರಾಡುವವಳೂ ಆಕೆಯೇ. ಅಷ್ಟು ಹೊತ್ತು ತಾವು ಮೂಗಿಗೆ ಕರವಸ್ತ್ರ ಹಿಡಿದು, ದೂರದ ಚಹಾ ಅಂಗಡಿಯಿಂದ ಮೇಲ್ವಿಚಾರಣೆ ನಡೆಸುತ್ತೀರಿ. ಮನೆಗೆ ಬಂದ ಮೇಲೆ ಅರಿಶಿನ ಉಪ್ಪು ಸವರುವುದು, ಈರುಳ್ಳಿ ಕಾಯಿ ಹುರಿದು ರುಬ್ಬುವುದು, ರಸ ಇಳಿಯಲೆಂದು ಕತ್ತು ಬೆನ್ನುಗಳನ್ನು ಮೊದಲೇ ಬೇಯಲಿಡುವುದು, ನಾರಾಗದಿರಲೆಂದು ಎದೆಯ ತುಂಡನ್ನು ಕೊನೆಗೆ ಹಾಕುವುದು, ಇವೆಲ್ಲವೂ ಆಕೆಯ ವ್ಯಾಪ್ತಿಗೇ ಬರುತ್ತವೆ. ಉಪ್ಪು ಕಡಿಮೆಯೆಂದು ಹೇಳುವ ಹೊಣೆಯನ್ನು ಮಾತ್ರ ತಾವು ಯಾರಿಗೂ ವಹಿಸಿಲ್ಲ.

2. ಬೆಂದ ಕೋಳಿಯ ಹಂಚಿಕೆ ಹೀಗಿದೆ. ಒಂದು ಲೆಗ್ ಪೀಸ್ ತಮಗೆ, ಇನ್ನೊಂದು ಅಕ್ಷರಾಳಿಗೆ. ಹಲ್ಲಿಲ್ಲದ ಕಾರಣ ಲಿವರು ಅತ್ತೆ ಚನ್ನಮ್ಮನವರಿಗೆ. ತೊಡೆ ಮತ್ತೆ ತಮಗೆ, ಏಕೆಂದರೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವಾಗ ಬರೀ ಸಾರು ತಮಗೆ ಸೇರುವುದಿಲ್ಲ. ಎದೆಯ ಭಾಗ ಸೋಮವಾರದ ತಮ್ಮ ಡಬ್ಬಿಗೆ. ಈ ಊರಲ್ಲೇ ಹುಟ್ಟಿ ಬೆಳೆದ ಮಗಳು "ಆಲೂ ಇಲ್ದಿದ್ರೆ ಅದು ಮಾಂಗ್ಶೋನೇ ಅಲ್ಲ ಅಮ್ಮ" ಎಂದು ಬಂಗಾಳಿ ಬೆರೆಸಿ ಹಟ ಹಿಡಿದ ಮೇಲೆ ಮಾಂಸದ ಸಾರಿಗೆ ಆಲೂಗಡ್ಡೆಯೂ ಸೇರಿದೆ. ಎಲ್ಲರೂ ಎದ್ದ ಮೇಲೆ ಅರ್ಜಿದಾರಳಿಗೆ ಕತ್ತು, ಬೆನ್ನು ಮತ್ತು ಯಾರಿಗೂ ಬೇಡವಾದ ಅರ್ಧ ಆಲೂಗಡ್ಡೆ.

3. ಈ ಹಂಚಿಕೆಗೆ ಆಧಾರವೇನೆಂದು ತಾವು ಕೇಳಬಹುದು. ಮದುವೆಯಾದ ಹೊಸತರಲ್ಲಿ, ಮದ್ದೂರಿನಲ್ಲಿ ಎಲ್ಲರ ಊಟವಾದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಕತ್ತೊಂದೇ. ಅತ್ತೆಯವರು ಸಂಕೋಚದಿಂದ, "ಕತ್ತು ತಿಂದೀಯೇನವ್ವ?" ಎಂದರು. ಹೊಸ ಸೊಸೆ ಬೇರೇನು ಹೇಳಿಯಾಳು? "ನಂಗಿಷ್ಟ ಅತ್ತೆ" ಎಂದಳು. ಮರ್ಯಾದೆಗೆ ಆಡಿದ ಆ ಮಾತು ಅಂದಿನಿಂದಲೇ ಖಾಯಂ ಆದೇಶವಾಗಿ ಜಾರಿಗೆ ಬಂದಿದೆ. ನೆಂಟರಿಷ್ಟರ ಮುಂದೆಲ್ಲ ಅತ್ತೆಯವರು ತಮಗೆ, "ನಮ್ ಸುಲೋಚ್ನಂಗೆ ಕತ್ತು ಅಂದ್ರೆ ಪಂಚಪ್ರಾಣ ಕಣ್ಲಾ" ಎಂದು ದೃಢೀಕರಿಸುತ್ತ ಬಂದಿದ್ದಾರೆ. ಅವರದು ಪ್ರೀತಿಯೇ. ಆ ಕಾರಣಕ್ಕೇ ಇಷ್ಟು ದಿನ ಆಕ್ಷೇಪಣೆ ಸಲ್ಲಿಸಲಾಗಲಿಲ್ಲ.

4. ನಿನ್ನೆ ತಮ್ಮ ಕಚೇರಿಯ, ಹುಬ್ಬಳ್ಳಿ ಕಡೆಯ ವಿನಾಯಕ ಅವರು ಊಟಕ್ಕೆ ಬರುವವರಿದ್ದರು. ಲೆಗ್ ಪೀಸಿಗೆ ತಕರಾರು ಬರಬಾರದೆಂದು ತಾವೇ ಖುದ್ದಾಗಿ ಮಾರುಕಟ್ಟೆಗೆ ಹೋಗಿ ಬರೀ ಲೆಗ್ ಪೀಸುಗಳನ್ನೇ ತಂದಿರಿ. ಚೀಲ ಬಿಚ್ಚಿದ ಅರ್ಜಿದಾರಳಿಗೆ ನಿಜಕ್ಕೂ ಸಂತೋಷವಾಯಿತು. ಕೋಳಿಯಲ್ಲಿ ಕತ್ತೇ ಇಲ್ಲದ ಮೇಲೆ ತನಗೂ ಒಂದು ಲೆಗ್ ಬಂದೇ ಬರುತ್ತದೆಂದು ಆಕೆ ಭಾವಿಸಿದಳು. ಅಷ್ಟರಲ್ಲಿ ತಾವು ಬೆನ್ನ ಹಿಂದಿನಿಂದ ಇನ್ನೊಂದು ಚೀಲ ತೆಗೆದಿರಿ. ಅರ್ಧ ಕಿಲೋ, ಬರೀ ಕತ್ತು.

"ಎಲ್ಲಾ ಲೆಗ್ಗೇ ಆಗೋದ್ರೆ ಪಾಪ ನೀನೇನ್ ತಿಂದೀಯಾ ಅಂತ ಬೇರೆ ಕಟ್ಟಿಸ್ಕಂಡ್ ಬಂದೆ ಕಣೆ" ಎಂದಿರಿ.

ಆಗಲೇ ಬಂದು ಕೂತಿದ್ದ ವಿನಾಯಕ ಅವರು ಕಣ್ಣರಳಿಸಿ, "ಪುಣ್ಯಾ ಮಾಡೀರಿ ವೈನಿ. ನನ್ನ ಹೇಣ್ತಿಗೆ ಏನ್ ಸೇರತೈತಿ ಅನ್ನೋದು ನನಗ ಇನ್ನೂ ಗೊತ್ತಿಲ್ಲ" ಎಂದರು. ತಾವು ಆ ಪ್ರಶಂಸೆಯನ್ನು ಸ್ವೀಕರಿಸಿದಿರಿ. ಅರ್ಜಿದಾರಳಿಗೆ ದುಃಖ ಬಂತು. ಈರುಳ್ಳಿ ಹೆಚ್ಚಿ ಆಗಲೇ ಮುಗಿದಿದ್ದ ಕಾರಣ ಅಳುವುದಕ್ಕೊಂದು ನೆಪವೂ ಇರಲಿಲ್ಲ.

ಸಂಜೆ ಆಕೆ, "ನಂಗೂ ಒಂದು ಲೆಗ್ ಬೇಕಿತ್ತು" ಎಂದಾಗ ತಾವು ಟಿವಿಯಿಂದ ಕಣ್ಣು ಕೀಳದೆ ಉಲ್ಲೇಖ (2)ರ ಆದೇಶ ಹೊರಡಿಸಿದಿರಿ.

5. ಹಾಗಾದರೆ ಇಷ್ಟವೇನು ಎಂದು ತಾವು ವಿವರಣೆ ಕೋರಿದಲ್ಲಿ, ಅರ್ಜಿದಾರಳ ಬಳಿ ಉತ್ತರವಿಲ್ಲ. ಮೂರು ಬಗೆಯ ಮಸಾಲೆ ಕಣ್ಣುಮುಚ್ಚಿ ರುಬ್ಬಬಲ್ಲ ಆಕೆಗೆ, ತೊಡೆ ಮೆತ್ತಗೋ ಎದೆ ಮೆತ್ತಗೋ ಎಂಬುದು ಸೌಟಿನಿಂದ ಒತ್ತಿ ನೋಡಿ ಗೊತ್ತೇ ಹೊರತು ನಾಲಿಗೆಯಿಂದ ಗೊತ್ತಿಲ್ಲ. ಇದನ್ನು ಬರೆಯುವಾಗ ಆಕೆಗೇ ನಾಚಿಕೆಯಾಯಿತು. ನಾಚಿಕೆಪಡಬೇಕಾದವರು ಬೇರೆಯವರೆಂದು ಆಮೇಲೆ ಹೊಳೆಯಿತು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಕತ್ತಿನ ಖಾಯಂ ಮಂಜೂರಾತಿಯನ್ನು ಕೂಡಲೇ ರದ್ದುಪಡಿಸಿ, ಅರ್ಜಿದಾರಳು ತನ್ನ ಇಷ್ಟವೇನೆಂದು ತಾನೇ ತಿಳಿದುಕೊಳ್ಳುವವರೆಗೆ ಪ್ರತಿ ಭಾನುವಾರ ಒಂದೊಂದು ತುಂಡನ್ನು, ಬಿಸಿಯಿರುವಾಗಲೇ, ಎಲ್ಲರ ಜೊತೆ ಕೂತು ತಿನ್ನಲು ಪ್ರಾಯೋಗಿಕವಾಗಿ ಒದಗಿಸಬೇಕೆಂದು ಕೋರಲಾಗಿದೆ. ತೆರವಾದ ಕತ್ತಿನ ಹುದ್ದೆಗೆ ಮನೆಯ ಹಿರಿಯ ಗಂಡಸರನ್ನು ಪರಿಗಣಿಸಬಹುದು.

ಸ್ಥಳ: ಸ್ಟವ್ ಪಕ್ಕ
ದಿನ: ಸೋಮವಾರ

ಇಂತಿ ತಮ್ಮ ವಿಶ್ವಾಸಿ (ಭಾನುವಾರಗಳನ್ನು ಹೊರತುಪಡಿಸಿ),
ಸುಲೋಚನಾ

ಅಡಕಗಳು:
1) ಕತ್ತು, ಅರ್ಧ ಕಿಲೋ. ಮುಟ್ಟಿಲ್ಲ. ಫ್ರೀಜರಿನಲ್ಲಿದೆ.
2) ಅತ್ತೆಯವರ ನಿರಾಕ್ಷೇಪಣೆ. ಇಂದು ಬೆಳಿಗ್ಗೆ ವಿಷಯ ತಿಳಿದು ಅವರು, "ಅಯ್ಯೋ, ಅವತ್ತೇ ಒಂದ್ ಮಾತು ಅನ್ಬಾರ್ದಾಗಿತ್ತಾ ನನ್ ತಾಯಿ" ಎಂದು ಅರ್ಜಿದಾರಳ ಕೈ ಹಿಡಿದುಕೊಂಡಿದ್ದಾರೆ. ಮೌಖಿಕವಾಗಿರುವುದರಿಂದ ಲಗತ್ತಿಸಲಾಗಿಲ್ಲ.

ವಿಶೇಷ ಸೂಚನೆ: ತಮ್ಮ ಇಂದಿನ ಡಬ್ಬಿಗೆಂದು ಎತ್ತಿಟ್ಟಿದ್ದ, ನಿನ್ನೆ ಮಿಕ್ಕ ಒಂದು ಲೆಗ್ ಪೀಸನ್ನು ಡಬ್ಬಿಗೆ ಹಾಕದೆ ಉಳಿಸಿಕೊಂಡು, ತಾವು ಕಚೇರಿಗೆ ಹೊರಟ ಮೇಲೆ ಅರ್ಜಿದಾರಳು ಬಿಸಿ ಮಾಡಿಕೊಂಡು, ಫ್ಯಾನಿನ ಕೆಳಗೆ ತಮ್ಮ ಕುರ್ಚಿಯಲ್ಲಿ ಕೂತು ತಿಂದಿದ್ದಾಳೆ. ಡಬ್ಬಿಯಲ್ಲಿ ತಮಗೆ ಆಲೂಗಡ್ಡೆ ಮಾತ್ರ ಸಿಕ್ಕಿದ್ದು ಅದೇ ಕಾರಣಕ್ಕೆ. ಸದರಿ ಲೆಗ್ ಪೀಸ್ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ನರ ಹಲ್ಲಿಗೆ ಸಿಕ್ಕಿಕೊಂಡಿತು, ಮಾಂಸ ಸ್ವಲ್ಪ ಒಣಕಲು. ಇದು ಕೋಳಿಯ ವಿಷಯದಲ್ಲಿ ಅರ್ಜಿದಾರಳ ಸ್ವಂತ ಅಭಿಪ್ರಾಯಗಳಲ್ಲಿ ಮೊದಲನೆಯದು. ಘಟನೋತ್ತರ ಮಂಜೂರಾತಿ ನೀಡಿ, ಮುಂದಿನ ಭಾನುವಾರ ತೊಡೆಯ ಭಾಗವನ್ನು ಪರಿಶೀಲನೆಗೆ ಹಾಜರುಪಡಿಸಬೇಕಾಗಿ ವಿನಂತಿ.